ಎಡಗೊಂಬು ಬಾಗಿದ ಎಮ್ಮೆ

ಕಾಶವ್ವ ಮಾವಶಿ, ನಿಮ್ಮ ಎಮ್ಮೆ ಸತ್ತಿದೆ. ಆ ವರ್ಷ ಮಹಾಪೂರ ಇಳಿದಾಗಲೇ ನಾನದನ್ನು ಕಂಡಿದ್ದೆ — ಕಂಡಿಲ್ಲ ಎಂದು ನಿಮಗೆ ಹೇಳಿದವಳೂ ನಾನೇ.

ಕೃಷ್ಣೆಯ ನೀರು ಊರೊಳಗೆ ಬಂದಾಗ ನೀವು ಅದರ ಕಣ್ಣಿ ಬಿಚ್ಚಿಬಿಟ್ಟು ಬುಧಗಾಂವದ ತಂಗಿಯ ಮನೆಗೆ ಹೋಗಿದ್ದಿರಿ. ನೀರು ಇಳಿದಾಗ ಅದು ನಮ್ಮ ಹೊಲದಲ್ಲಿತ್ತು, ಮಲಗಿದ ಕಬ್ಬಿನ ನಡುವೆ, ಹೊಟ್ಟೆಯುಬ್ಬಿ. ಎಡಗೊಂಬು ಕೆಳಗೆ ಬಾಗಿ ಕಿವಿಗೆ ತಾಗುತ್ತಿತ್ತು. ಅಂಥ ಕೊಂಬು ಊರಲ್ಲಿ ಇನ್ನೊಂದಿರಲಿಲ್ಲ.

ನಮ್ಮ ಎಮ್ಮೆಗಳು ಆಗ ಕವಲಾಪುರದಲ್ಲಿ, ನೆಂಟರ ಕೊಟ್ಟಿಗೆಯಲ್ಲಿ ಸುಖವಾಗಿ ಮೇವು ತಿನ್ನುತ್ತಿದ್ದವು. ಆದರೂ ಕಾಕಾ ಹೇಳಿದರು, "ಫೋಟೋ ತಗಿ. ಸತ್ತ ದನಕ್ಕ ಸರಕಾರದ್ದು ಪರಿಹಾರ ಬರ್ತೈತಿ."

"ಕಾಕಾ, ಇದು ಕಾಶವ್ವಂದು."

"ಅದರ ಹಣೀ ಮ್ಯಾಲ ಹೆಸರ ಬರದೈತೇನ? ನಮ್ಮ ಹೊಲಕ್ಕ ಬಂದೈತಿ, ನಮ್ದು. ಎಂ.ಎಸ್ಸಿ. ಓದಿ ಇಷ್ಟ ತಿಳಿಯೂದಿಲ್ಲ?"

ಸತ್ತ ದನದ ದೇಹ ತೋರಿಸದೆ ಪರಿಹಾರ ಸಿಗುವುದಿಲ್ಲ. ಇದು ಕಾಕಾನಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ನಾನು ಬಲಗಡೆಗೆ ಹೋಗಿ ನಿಂತೆ. ಎಡಗೊಂಬು ಕಾಣದಂತೆ ಫೋಟೋ ತೆಗೆದೆ. ದನದ ಡಾಕ್ಟರು ಬಂದು ನೋಡಿ ಸಹಿ ಹಾಕಿದರು. ಊರವರು ಮರಳುವ ಮೊದಲೇ ಬದುವಿನ ಪಕ್ಕ ಗುಂಡಿ ತೋಡಿ, ಸುಣ್ಣ ಸುರಿದು ಹೂತೆವು.

ಆಮೇಲೆ ನೀವು ಬಂದಿರಿ.

"ನನ್ನ ಎಮ್ಮಿ ಎಲ್ಲ್ಯರೆ ಕಂಡೈತೇನ ತಂಗಿ?"

"ಇಲ್ರಿ ಮಾವಶಿ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಕಣ್ಣು ನಮ್ಮ ಹೊಲದ ಕಡೆ ತಿರುಗಿತು, ಹಾಗಾಗಿ — "ಎಮ್ಮಿ ಈಜ್ತಾವ್ರಿ. ಕೆಳಗ ಎಲ್ಲ್ಯರೆ ದಂಡಿ ಹತ್ತಿರಬೇಕು. ಹುಡುಕ್ರಿ" ಎಂದೆ.

ಮೊದಲ ಸುಳ್ಳಿನಲ್ಲಿ ಕಾಕಾನ ಪಾಲಿತ್ತು. ಇದು ಪೂರ್ತಿ ನನ್ನದು.

ಪರಿಹಾರದ ಹಣ ನಮಗೆ ಬಂತು. ದೇಹವಿಲ್ಲವೆಂದು ನಿಮಗೆ ಬರಲಿಲ್ಲ. ಹಾಲು ಮಾರುವುದು ನಿಂತಿತು. ನಮ್ಮ ಹೊಲಕ್ಕೇ ಕೂಲಿಗೆ ಬಂದಿರಿ. ಹೋದ ಸುಗ್ಗಿಯಲ್ಲಿ ಆ ಬದುವಿನ ಪಕ್ಕ ಕಡಿಯುತ್ತ, "ನೋಡ ತಂಗಿ, ಇಲ್ಲಿ ಕಬ್ಬ ಭಾರೀ ದಪ್ಪ ಬಂದೈತಿ" ಎಂದಿರಿ. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಮೊನ್ನೆ ಮಿರಜದ ದನದ ಸಂತೆಯಲ್ಲಿ ನಿಮ್ಮನ್ನು ನೋಡಿದೆ. ಸಾಲಾಗಿ ಕಟ್ಟಿದ ಎಮ್ಮೆಗಳ ಎಡಗೊಂಬನ್ನು ಒಂದೊಂದಾಗಿ ಮುಟ್ಟುತ್ತ ಹೋಗುತ್ತಿದ್ದಿರಿ — ಇನ್ನೂ. ಒಬ್ಬ ದಲ್ಲಾಳಿ ಕೂಗಿದ, "ಮಾವಶಿ, ಕೊಂಬ ನೋಡಾಕ ಫುಕಟ. ಹಲ್ಲ ನೋಡೂದಾದ್ರ ರೊಕ್ಕ ತಗೀರಿ." ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ನನ್ನನ್ನು ಕಂಡು ಹತ್ತಿರ ಬಂದಿರಿ.

"ಮಂದಿ ನನಗ ಹುಚ್ಚಿ ಅಂತಾರ. ಅನ್ಲಿ. ಓದಿದ ಹುಡುಗಿ ನೀ ಹೇಳೀದಿ, ಅಂದಮ್ಯಾಲ ಎಲ್ಲ್ಯರೆ ಇರ್ತೈತಿ."

ಹಣವನ್ನು ನನ್ನ ಸಂಬಳದಿಂದ ತಂದುಕೊಡಬಹುದು, ಕೊಡುತ್ತೇನೆ. ಆದರೆ ಆ ಸಂತೆಗಳು, ಆ ನಗು — ಅವನ್ನು ಹೇಗೆ...

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಾಳೆ ಕಾಕಾನಿಗೆ ಹೇಳಿಯೇ ನಿಮ್ಮ ಬಾಗಿಲಿಗೆ ಬರುತ್ತೇನೆ. ನಿಮಗೆ ಓದು ಬಾರದು. ಇಲ್ಲಿ ಬರೆದದ್ದನ್ನೆಲ್ಲ ಬಾಯಿಂದಲೇ ಹೇಳುತ್ತೇನೆ. ಹೂತ ಜಾಗ ತೋರಿಸುತ್ತೇನೆ. ಅಲ್ಲಿ ಕುಳಿತು ನೀವು ನಿಮ್ಮ ಎಮ್ಮೆಗಾಗಿ ಅಳಬಹುದು — ಇಷ್ಟು ವರ್ಷ ಅದಕ್ಕೂ ನಾನು ನಿಮ್ಮನ್ನು ಬಿಟ್ಟಿರಲಿಲ್ಲ.