ಮೊದಲು ಕೈ, ಆಮೇಲೆ ಮುಖ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಗ್ಯಾರೇಜಿಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಶಬನಂ ಕನ್ನಡಿಯ ಮುಂದೆ ಕೂತು ತಮ್ಮದೇ ಕೆನ್ನೆಗೆ ಒಂದು ಬೊಟ್ಟು ಕ್ರೀಮ್ ಹಚ್ಚಿಕೊಳ್ಳುತ್ತಾರೆ. ಕಾಯುತ್ತಾರೆ. ಇನ್ನೊಂದು ಬಾಟಲಿಯಿಂದ ಇನ್ನೊಂದು ಬೊಟ್ಟು, ಕಿವಿಯ ಕೆಳಗೆ. ಮತ್ತೆ ಕಾಯುತ್ತಾರೆ. ಬಡಿಸುವ ಮೊದಲು ಉಪ್ಪು ನೋಡುವ ಹಾಗಿದೆ ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ನಗುತ್ತೇನೆ. ಅವರು ನಗುವುದಿಲ್ಲ.

"ಒಂದು ತಿಂಗಳಿಂದ ಹೀಗೇ ಮೇಡಂ. ದಿನಾ ಎಲ್ಲಾ ಬಾಟ್ಲಿನೂ ಮೊದ್ಲು ನನ್ನ ಮುಖಕ್ಕೆ. ಉರಿಯೋದಾದ್ರೆ ನಂದೇ ಉರೀಲಿ."

ಮದುವೆ ಹೆಣ್ಣಿಗೆ ಅಲಂಕಾರ ಮಾಡುವವರ ಹೆಸರು ಊರಿಗೆಲ್ಲ ಗೊತ್ತು, ಅವರ ಫೋಟೊ ಫ್ಲೆಕ್ಸಿನಲ್ಲೂ ನೇತಾಡುತ್ತದೆ. ಶಬನಂ ಅವರದು ಬೇರೆಯೇ ಕೆಲಸ. ಹೋಂಸ್ಟೇಗಳ ಮುಂಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುವ ಹುಡುಗಿಯರು, ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಸೀರೆ ಬಿಚ್ಚಿ ತೋರಿಸುವವರು, ಅವರೆಲ್ಲ ಕಾಫಿ ಎಸ್ಟೇಟಿನಿಂದ ಇಳಿದು ಬಂದು ಜೀಪು ಹತ್ತುವ ಮೊದಲು ಈ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. 'ಲೈಟ್ ಮೇಕಪ್ ಇರಲೇಬೇಕು' ಎಂದು ಕೆಲಸ ಕೊಟ್ಟವರ ಕಟ್ಟಪ್ಪಣೆ. ಕೈಗನ್ನಡಿ ಹಿಡಿದು ಕರೆಂಟಿಲ್ಲದ ಬೆಳಗಿನಲ್ಲಿ ಅದನ್ನು ಹೇಗೆ ಮಾಡಿಕೊಳ್ಳುವುದು ಎಂದು ಅವರು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡುವುದು ಶಬನಂ.

ಅವರು ಇದನ್ನು ಕಲಿತದ್ದು ಮದುವೆಯಾದ ಮೇಲೆ, ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಬಂದು. ಪಾಠದ ದಿನ ಕಲಿತದ್ದನ್ನು ರಾತ್ರಿ ಯಾರ ಮುಖದ ಮೇಲಾದರೂ ಮಾಡಿ ನೋಡಬೇಕಲ್ಲ? ಅತ್ತೆ ಕರೀಮುನ್ನೀಸಾ ತಾವಾಗಿಯೇ ಬಂದು ಕೂತರಂತೆ. "ಪಾಸ್‌ಪೋರ್ಟ್ ಫೋಟೊಗೆ ಕೂತ ಹಾಗೆ ಕೂರೋರು, ಉಸಿರೂ ಬಿಡ್ತಿರ್ಲಿಲ್ಲ" ಎಂದು ಶಬನಂ ನೆನೆಯುತ್ತಾರೆ. ಗಂಡ ಶಾದಾಬ್ ಗ್ಯಾರೇಜಿನ ಟೈರು ಇಡುವ ಕೋಣೆ ಖಾಲಿ ಮಾಡಿಕೊಟ್ಟರು. ಎಷ್ಟು ತೊಳೆದರೂ ಮೂಲೆಯಲ್ಲಿ ಈಗಲೂ ರಬ್ಬರಿನ ವಾಸನೆ ಇದೆ.

ಕಳೆದ ತಿಂಗಳವರೆಗೆ ಬೆಳಿಗ್ಗೆ ಆರೇಳು ಜನ ಬರುತ್ತಿದ್ದರು. ಆಮೇಲೆ ಧನ್ಯಾಳ ವಿಷಯ ಆಯಿತು. ಧನ್ಯಾ ಬಟ್ಟೆ ಅಂಗಡಿಯ ಹುಡುಗಿ. ಒಂದು ದಿನ ಇಲ್ಲಿಂದ ಎದ್ದು ಹೋದವಳಿಗೆ ಅಂಗಡಿ ತಲುಪುವಷ್ಟರಲ್ಲಿ ಮುಖ ಉರಿ ಹತ್ತಿ, ಕೆನ್ನೆ ಕೆಂಪಾಗಿ ಊದಿಕೊಂಡಿತು. ಅಂಗಡಿಯವರು ಮನೆಗೆ ಕಳಿಸಿದರು. ಶಬನಂ ಹಚ್ಚುವುದು ಡೂಪ್ಲಿಕೇಟ್ ಕ್ರೀಮ್ ಎಂಬ ಮಾತು ಅವತ್ತೇ ಬಸ್ ಸ್ಟ್ಯಾಂಡ್ ದಾಟಿತು. ಮಾತಿಗೆ ಜೀಪು ಬೇಕಾಗಿಲ್ಲ ನೋಡಿ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಈಗ ಉಳಿದಿರುವುದು ದಿವ್ಯಾ ಒಬ್ಬಳೇ.

"ಇವಳ ಮುಖನೂ ಕೆಟ್ರೆ ನಾನು ಬಾಗ್ಲು ಹಾಕೋದೇ. ಇನ್ನೊಬ್ರ ಮುಖ ಮುಟ್ಟೋ ಧೈರ್ಯ ನಂಗೇ ಇರಲ್ಲ" ಎನ್ನುತ್ತಾರೆ.

ದಿವ್ಯಾ ಬರುತ್ತಾಳೆ, ಕೊಡೆ ಹಿಡಿದೂ ಅರ್ಧ ನೆನೆದು. ಇಷ್ಟು ದಿನ ಊರಿನ ಅಂಗಡಿಯೊಂದರಲ್ಲಿದ್ದ ಅವಳಿಗೆ ಕಳಸ ರಸ್ತೆಯ ಹೋಂಸ್ಟೇಯಲ್ಲಿ ಇವತ್ತು ಕೆಲಸದ ಮೊದಲ ದಿನ. ಶಬನಂ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು, ಅವಳ ಮುಖ ತೊಳೆಸಿ, ಅವಳೇ ತಂದ ಟವಲಿನಿಂದ ಒತ್ತಿ ಒರೆಸುತ್ತಾರೆ. ಉಜ್ಜುವ ಹಾಗಿಲ್ಲ. ತೇವ ಪೂರ್ತಿ ಆರುವ ಮೊದಲೇ ಮಾಯಿಶ್ಚರೈಸರ್. ಅದು ಚರ್ಮಕ್ಕೆ ಇಳಿಯುವ ತನಕ ಸುಮ್ಮನೆ ಕೂರಬೇಕು, ಅವಸರ ಮಾಡಿದರೆ ಮೇಲೆ ಹಚ್ಚಿದ್ದೆಲ್ಲ ಮಧ್ಯಾಹ್ನಕ್ಕೆ ತೇಪೆ ತೇಪೆ. ಮಳೆಗಾಲದಲ್ಲೂ ಸನ್‌ಸ್ಕ್ರೀನ್. ಆಮೇಲೆ ಫೌಂಡೇಶನ್. ಅದರ ಬಣ್ಣವನ್ನು ದವಡೆಯ ಅಂಚಿಗೆ ಇಟ್ಟು, ಬಾಗಿಲ ಬೆಳಕಿಗೆ ಮುಖ ತಿರುಗಿಸಿ ನೋಡುತ್ತಾರೆ.

"ಇನ್ನೂ ಸ್ವಲ್ಪ ಬೆಳ್ಳಗಿರೋದು ಹಾಕಿ ಶಬನಂ ಅಕ್ಕ."

"ಹಾಕ್ಬಹುದು ಮಾರಾಯ್ತಿ. ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು ಅಂತ ಗೆಸ್ಟ್‌ಗಳು ಕೇಳಿದ್ರೆ ನೀನೇ ಉತ್ತರ ಕೊಡು."

ದಿವ್ಯಾ ಕಿಸಕ್ಕನೆ ನಗುತ್ತಾಳೆ. ಬೆರಳ ತುದಿಯಿಂದ ತಟ್ಟಿ ತಟ್ಟಿ ಹರಡುತ್ತಾರೆ. ಮೂಗಿನ ಮೇಲೆ, ಹಣೆಯ ಮೇಲೆ ಮಾತ್ರ ತೆಳುವಾಗಿ ಪೌಡರ್. ಕಾಡಿಗೆ. ತುಟಿಗೆ ಇದೆಯೋ ಇಲ್ಲವೋ ಎನ್ನುವಷ್ಟು ಬಣ್ಣ. ಮುಗಿಯಿತು. ಹುಡುಗಿ ಮೊದಲಿನ ಹಾಗೇ ಇದ್ದಾಳೆ, ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದವಳಂತೆ ಕಾಣುತ್ತಾಳೆ. ಶಬನಂ ಬ್ರಶ್ ತೊಳೆಯಲು ಅತ್ತ ತಿರುಗುತ್ತಾರೆ.

ಜೀಪು ಇಳಿದ ಮೇಲೆ ಹೋಂಸ್ಟೇಗೆ ತೋಟದೊಳಗೆ ನಡೆಯಬೇಕು, ಹಾದಿ ತುಂಬ ರಕ್ತ ಹೀರುವ ಇಂಬಳ. ದಿವ್ಯಾ ಬ್ಯಾಗಿನಿಂದ ಚಿಕ್ಕ ಬಾಟಲಿ ತೆಗೆದು, ಹೊಗೆಸೊಪ್ಪು ಸುಣ್ಣ ಕಲಸಿದ ಎಣ್ಣೆಯನ್ನು ಕಾಲಿಗೆ ಬಳಿದುಕೊಳ್ಳುತ್ತಾಳೆ. ಕರ್ಚೀಫಿಗೆ ಕೈ ಒರೆಸಿಕೊಂಡು, ಕೆನ್ನೆಗೆ ಅಂಟಿದ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸುತ್ತಾಳೆ. ನಾನು ನೋಡುತ್ತಲೇ ಇದ್ದೇನೆ, ಏನೂ ಅನ್ನಿಸುವುದಿಲ್ಲ. ಈ ಕಡೆ ಮಳೆಗಾಲದಲ್ಲಿ ಅದು ಚಪ್ಪಲಿ ಹಾಕಿಕೊಂಡಷ್ಟೇ ಸಹಜ.

"ಅಕ್ಕ... ಉರೀತಿದೆ."

ಶಬನಂ ಕೈಯಿಂದ ಬ್ರಶ್ ಬೀಳುತ್ತದೆ. ಅವರ ಮುಖ ನೋಡಲು ನನ್ನಿಂದ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಕ್ಷಣ ಕ್ರೀಮಿನ ಮೇಲೇ ಅನುಮಾನ. ಹೊರಗೆ ಜೀಪಿನ ಹಾರ್ನ್. ಶಬನಂ ಹುಡುಗಿಯನ್ನು ಬಾಗಿಲ ಬೆಳಕಿಗೆ ಎಳೆದು ನಿಲ್ಲಿಸುತ್ತಾರೆ. ಎಡಗೆನ್ನೆಯ ಮೇಲೆ ಕೆಂಪು ಗೆರೆಗಳು ಮೂಡುತ್ತಿವೆ. ಬಲಗೆನ್ನೆ, ಹಣೆ, ಗಲ್ಲ ಎಲ್ಲ ಸರಿಯಾಗಿವೆ.

"ನಾನು ಇಡೀ ಮುಖಕ್ಕೆ ಹಚ್ಚಿದೀನಿ. ಇಲ್ಲಿ ಮಾತ್ರ ಯಾಕೆ?" ತಮಗೆ ತಾವೇ ಕೇಳಿಕೊಳ್ಳುತ್ತಾರೆ. ಆ ಗೆರೆಗಳ ಮೇಲೆ ತಮ್ಮ ಬೆರಳು ಹಿಡಿದು ನೋಡುತ್ತಾರೆ. ಬೆರಳು ಸವರಿದ ಗುರುತೇ ಅದು. ಥಟ್ಟನೆ ದಿವ್ಯಾಳ ಅಂಗೈ ಹಿಡಿದು ಮೂಸುತ್ತಾರೆ. ಹೊಗೆಸೊಪ್ಪಿನ ಘಾಟು.

ಕೈಗೆ ಸೋಪು ಹಾಕಿಸಿ ಮುಖ ತೊಳೆಸುತ್ತಾರೆ, ಮತ್ತೆ ಮತ್ತೆ ತಣ್ಣೀರು ಹಾಕಿ. ಮಾಡಿದ್ದೆಲ್ಲ ಹೋಗುತ್ತದೆ. ಗೆರೆ ಮಾತ್ರ ಹೋಗುವುದಿಲ್ಲ.

"ಮುಚ್ಚಿಬಿಡಿ ಅಕ್ಕ, ಮೊದ್ಲ ದಿನ" ಎಂದು ದಿವ್ಯಾ ಅಳುತ್ತಾಳೆ.

ಮುಚ್ಚುವುದು ಶಬನಂಗೆ ದೊಡ್ಡ ಕೆಲಸವೇ ಅಲ್ಲ. ಮುಚ್ಚಿದರೆ ಹುಡುಗಿ ಚಂದ ಕಾಣುತ್ತಾಳೆ, ಒಳಗೆ ಉರಿ ಹೆಚ್ಚಾದರೂ ಆಗಬಹುದು. ಮುಚ್ಚದಿದ್ದರೆ ಈ ಕೆನ್ನೆ ನೋಡಿ ಮ್ಯಾನೇಜರ್ ವಾಪಸ್ ಕಳಿಸಬಹುದು. ಆಗ ಊರಿನ ಬಾಯಿಗೆ ಎರಡನೇ ಮುಖವೂ ಸಿಕ್ಕಂತೆ. ಹಾರ್ನ್ ಮತ್ತೆ ಕೂಗುತ್ತದೆ.

"ಉರಿಯೋ ಜಾಗಕ್ಕೆ ನಾನು ಏನೂ ಹಚ್ಚಲ್ಲ ಮಗಾ. ಕೇಳಿದ್ರೆ ಎಣ್ಣೆ ಕೈ ತಾಗ್ತು ಅನ್ನು. ಇದ್ದದ್ದನ್ನೇ ಹೇಳು." ಕಾಡಿಗೆ ತಿದ್ದಿ, ತುಟಿಗೆ ಬಣ್ಣ ಹಚ್ಚಿ ಕಳಿಸುತ್ತಾರೆ.

ಆಮೇಲೆ ಕಾಯುವುದು. ಶಬನಂ ಊಟ ಮಾಡುವುದಿಲ್ಲ. ಫೋನ್ ಮಾಡಿದರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಯಾವ ಜೀಪು ನಿಂತರೂ ಬಾಗಿಲಿಗೆ ಬರುತ್ತಾರೆ. ನಾನೂ ಎದ್ದು ಅವರ ಹಿಂದೆಯೇ ಬರುತ್ತೇನೆ, ಆ ಹುಡುಗಿ ನನ್ನ ಮನೆಯವಳೇನೋ ಎನ್ನುವ ಹಾಗೆ.

"ಇಷ್ಟು ದಿನ ನನ್ನ ಕೈ ಮಾತ್ರ ತೊಳೀತಿದ್ದೆ ಮೇಡಂ. ಬಂದವ್ರ ಕೈ ನೋಡ್ಲೇ ಇಲ್ಲ" ಎನ್ನುತ್ತಾರೆ. ಬ್ರಶ್‌ಗಳನ್ನು ಜೋಡಿಸುತ್ತ, ತಗ್ಗಿದ ದನಿಯಲ್ಲಿ, "ಧನ್ಯಾನೂ ಎಸ್ಟೇಟಿಂದಾನೇ ನಡ್ಕೊಂಡು ಬರೋದು." ಹೋಗಿ ಕೇಳಬಾರದೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ತಪ್ಪು ಅವಳ ಮೇಲೆ ಹಾಕೋಕೆ ಬಂದ್ಲು ಅಂತಾರೆ."

ಸಂಜೆ ದಿವ್ಯಾ ಜೀಪಿನಿಂದ ಇಳಿಯುತ್ತಾಳೆ. ಶಬನಂ ಮಾತಾಡುವ ಮೊದಲು ಅವಳ ಗಲ್ಲ ಹಿಡಿದು ಕೆನ್ನೆ ನೋಡುತ್ತಾರೆ. ಕೆಂಪು ಇಳಿದಿದೆ. ಮ್ಯಾನೇಜರ್ ಕೇಳಿದರಂತೆ, ಇವಳು ಇದ್ದದ್ದನ್ನೇ ಹೇಳಿದಳಂತೆ. "ಒಂದು ಮೂಲೇಲಿ ಕೂತು ಬುಕಿಂಗ್ ನೋಡ್ಕೋ ಅಂದ್ರು. ನಾಳೆನೂ ಬರ್ಬೇಕಂತೆ!" ಶಬನಂ ಆ ಕುರ್ಚಿಯಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತಾರೆ.

ಒಂದು ದಿನ ಸಾಕು ಎಂದುಕೊಂಡು ಬಂದವಳು ನಾನು ಮರುದಿನವೂ ಹೋಗುತ್ತೇನೆ. ಬಾಗಿಲ ಹೊರಗೆ ಹೊಸದಾಗಿ ಒಂದು ಸ್ಟೂಲು, ಬಕೆಟ್ಟು, ಸೋಪು. ದಿವ್ಯಾ ಕೈ ತೊಳೆಯುತ್ತಿದ್ದಾಳೆ. ಅವಳ ಹಿಂದೆ ಕೊಡೆ ಮಡಿಸುತ್ತ ಇನ್ನೊಬ್ಬ ಹುಡುಗಿ ನಿಂತಿದ್ದಾಳೆ. ಎಸ್ಟೇಟಿನ ಲೈನ್ ಮನೆಗಳಲ್ಲಿ ದಿವ್ಯಾಳ ಪಕ್ಕದವಳು, ನಿನ್ನೆಯ ವಿಷಯ ಅವಳಿಂದಲೇ ಕೇಳಿದವಳು. ಒಳಗಿದ್ದ ಶಬನಂ ನೋಡಿ ಹಾಗೇ ನಿಂತುಬಿಡುತ್ತಾರೆ. ಅವಳು ಧನ್ಯಾ.

ಧನ್ಯಾ ತನ್ನ ಬಲ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿಕೊಳ್ಳುತ್ತಾಳೆ. "ಅವತ್ತು ನಾನೂ ಆ ಎಣ್ಣೆ ಹಚ್ಕೊಂಡಿದ್ದೆ ಅಕ್ಕ" ಎನ್ನುತ್ತಾಳೆ. ಸೋಪು ಎತ್ತಿಕೊಂಡು ಕೈ ಉಜ್ಜುತ್ತಾಳೆ.

ಶಬನಂ ಅವಳನ್ನು ಕೂರಿಸಿ, ಕಿವಿಯ ಕೆಳಗೆ ಒಂದೇ ಬೊಟ್ಟು ಇಡುತ್ತಾರೆ. "ಉರಿದ್ರೆ ಹೇಳು, ನಾಚ್ಕೋಬೇಡ" ಎನ್ನುತ್ತಾರೆ. ನಾವೆಲ್ಲ ಆ ಬೊಟ್ಟನ್ನೇ ನೋಡುತ್ತ ಕಾಯುತ್ತೇವೆ. ನಿಮಗೆ ಇನ್ನೇನು ಆಸೆ ಎಂದು ನಾನು ಮೆಲ್ಲಗೆ ಕೇಳುತ್ತೇನೆ.

"ಇವಳು ಕಣ್ಣು ಮುಚ್ಕೊಂಡು ಕೂರ್ಬೇಕು ಮೇಡಂ. ಮೊದ್ಲು ಹಾಗೇ ಕೂರ್ತಿದ್ಲು."

ಧನ್ಯಾಗೆ ಕೇಳಿಸಿತೋ ಇಲ್ಲವೋ. ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚುತ್ತಾಳೆ.