ಪಿಳ್ಳಪ್ಪನವರ ಹಣೆಯ ಮೇಲಿನ ರೂಪಾಯಿ

ದಿಬ್ಬೂರಹಳ್ಳಿಯ ಪಿಳ್ಳಪ್ಪನವರ ಮನೆಯ ಹಜಾರದಲ್ಲಿ, ಬೀದಿಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಸಿಗುವ ಕಂಬದ ಪಕ್ಕದಲ್ಲಿ ನಾನು ನಿಂತಿದ್ದೆ. ನಯಾಪೈಸೆ ಚಲಾವಣೆಗೆ ಬಂದ ಮರುವರ್ಷ, ಮಾಘಮಾಸ. ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಹಜಾರದ ಅರ್ಧದವರೆಗೆ ಬಿದ್ದಿತ್ತು. ಪಿಳ್ಳಪ್ಪನವರ ಹೆಣ ಆ ಬಿಸಿಲಿನಲ್ಲೇ ಇತ್ತು. ಕತ್ತಲೆ, ದೀಪದ ನೆರಳು, ಅರೆನಿದ್ದೆ ಎಂಬ ಯಾವ ನೆಪವೂ ನನಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಇಂಥ ಕಥೆ ಹೇಳುವವರ ಬಗ್ಗೆ ನನಗಿದ್ದದ್ದು ಬರೀ ಅಪನಂಬಿಕೆಯಲ್ಲ, ತಿರಸ್ಕಾರ. ಹುಣಸೆಮರದಲ್ಲಿ ದೆವ್ವ ಕಂಡವನು ಸಾಮಾನ್ಯವಾಗಿ ಹೆಂಡದಂಗಡಿಯಿಂದ ಬರುತ್ತಿರುತ್ತಾನೆ; ಮೈಮೇಲೆ ದೇವರು ಬರುವವಳಿಗೆ ಸೊಸೆಯ ಮೇಲೆ ಸಿಟ್ಟಿರುತ್ತದೆ. ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಹೇಳುತ್ತಿದ್ದೆ. ಈಗಲೂ ಆ ಅಭಿಪ್ರಾಯವನ್ನು ಹೆಚ್ಚೇನೂ ಬದಲಿಸಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಹಿಡಿದದ್ದು ಅದಕ್ಕೇ.

ಆಗ ನಾನು ಆ ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಪಿಳ್ಳಪ್ಪನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮನೆಯಲ್ಲಿದ್ದವರು ಇಬ್ಬರೇ: ಎಂಬತ್ತು ದಾಟಿದ ಪಿಳ್ಳಪ್ಪನವರು, ಅವರ ತೀರಿಹೋದ ಕಿರಿಯ ಮಗನ ಹೆಂಡತಿ ನಂಜಮ್ಮ. ಆಕೆಗೆ ಮಕ್ಕಳಿರಲಿಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಹಾಸಿಗೆ ಹಿಡಿದ ಮಾವ, ಎಲ್ಲವೂ ಆಕೆಯ ಕೈಮೇಲೆಯೇ ನಡೆಯುತ್ತಿತ್ತು. ಹಿರಿಯ ಮಗ ಮುನಿಶಾಮಪ್ಪ ಚಿಂತಾಮಣಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದರು. ಯುಗಾದಿಗೆ ಬಂದು, ಒಬ್ಬಟ್ಟು ತಿಂದು, ತಂದೆಯ ಕೆಮ್ಮಿಗೆ ಮುಖ ಸಿಂಡರಿಸಿ, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದ ಸತ್ಪುತ್ರರು.

ಪಿಳ್ಳಪ್ಪನವರ ಎಲೆಅಡಿಕೆ ಚೀಲದಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ಅದನ್ನು ರಾಣಿ ರೂಪಾಯಿ ಎನ್ನುತ್ತಿದ್ದರು. ಮಾತಾಡುವಾಗಲೆಲ್ಲ ಅದನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜುವುದು ಅವರ ಅಭ್ಯಾಸ. ಉಜ್ಜಿ ಉಜ್ಜಿ ಅದರ ಎರಡು ಮುಖವೂ ಹುಣಸೆಬೀಜದಂತೆ ನುಣುಪಾಗಿದ್ದವು. ನಾನೇ ಎಷ್ಟೋ ಸಲ ಅದನ್ನು ಬಿಸಿಲಿಗೆ ಓರೆಮಾಡಿ ಹಿಡಿದು ನೋಡಿದ್ದೆ. ಒಂದು ಗೆರೆಯಾಗಲಿ ಅಕ್ಷರವಾಗಲಿ ಕಾಣುತ್ತಿರಲಿಲ್ಲ. "ನಾನ್ ಹೋದ್ಮೇಲೆ ಇದನ್ನೇ ಹಣೆಗಿಕ್ಕಮ್ಮ, ಬೇರೆ ಕಾಸು ಬ್ಯಾಡ" ಎಂದು ನಂಜಮ್ಮನಿಗೆ ಹೇಳುತ್ತಿದ್ದರು. ಹೆಣದ ಹಣೆಗೆ ವಿಭೂತಿ ಮೆತ್ತಿ ನಾಣ್ಯ ಅಂಟಿಸುವುದು, ಹೆಣ ಎತ್ತುವ ಮುಂಚೆ ಅದನ್ನು ತೆಗೆದು ಮನೆಯಲ್ಲಿಟ್ಟುಕೊಳ್ಳುವುದು ಆ ಮನೆಯ ಪದ್ಧತಿ.

ತಂದೆ ಸತ್ತ ಸುದ್ದಿ ತಿಳಿದು ಮುನಿಶಾಮಪ್ಪ ಮೊದಲ ಬಸ್ಸಿಗೆ ಬಂದರು. ಅಷ್ಟರಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ ಚಾಪೆಯ ಮೇಲೆ ಮಲಗಿಸಿದ್ದಾಗಿತ್ತು. ಒಳಗೆ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಮೈಲಿಗೆ ತಾಗಬಾರದೆಂದು ಹೆಣವನ್ನು ಹಜಾರದಲ್ಲೇ ಇಟ್ಟಿದ್ದರು. "ಹುಳಕ್ಕಿರೋ ಜಾಗ ನಮ್ಮಪ್ಪನಿಗಿಲ್ವೇನಮ್ಮ?" ಎಂಬುದು ಮುನಿಶಾಮಪ್ಪನವರ ಮೊದಲ ಮಾತು. ಅವರು ಅತ್ತದ್ದನ್ನು ನಾನು ನೋಡಲಿಲ್ಲ.

ನಾಣ್ಯವನ್ನು ಹಿರಿಯ ಮಗನೇ ಅಂಟಿಸಬೇಕು. ನಂಜಮ್ಮ ಚೀಲದಿಂದ ರೂಪಾಯಿ ತೆಗೆದು ಕೊಟ್ಟಳು. ನಾಣ್ಯಪರೀಕ್ಷೆಯಲ್ಲಿ ತಮಗೆ ಸಮಾನರಿಲ್ಲವೆಂದು ಮುನಿಶಾಮಪ್ಪ ನಂಬಿದ್ದರು. ಅಂಗೈಯಲ್ಲಿ ತೂಗಿ ನೋಡಿದರು. ಉಗುರಿನಿಂದ ಅಂಚು ಕೆರೆದರು. ಹಲ್ಲಿನಲ್ಲಿ ಕಚ್ಚಿದರು. ತಂದೆಯ ಹೆಣ ಎದುರಿಗಿರುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವವನ ನಿಧಾನ! ಕೊನೆಗೆ ಹೊಸ್ತಿಲಿನ ಕಲ್ಲಿನ ಮೇಲೆ ಎಸೆದರು. ಒಳ್ಳೆಯ ಬೆಳ್ಳಿಯಾದರೆ ಠಣ್ ಎಂದು ನಾದ ಎಳೆಯಬೇಕು. ಅದು ತಟ್ ಎಂದು ಅಲ್ಲೇ ಸತ್ತುಹೋಯಿತು.

"ಸೀಸ! ಏನಮ್ಮ ನಂಜಮ್ಮ, ಒಳ್ಳೇದನ್ನ ಯಾವ ಸೇಟು ಅಂಗಡೀಗೆ ಹಾಕ್ದೆ?"

"ಅಯ್ಯೋ ಭಾವ, ಮಾವ ಉಜ್ಜಿ ಸವೆಸಿದ್ದು ಅದು. ಮೇಷ್ಟ್ರೂ ನೋಡವ್ರೆ, ಕೇಳಿ ಬೇಕಾದ್ರೆ."

ನಾನು ಬಾಯಿ ತೆರೆಯುವ ಮುಂಚೆಯೇ ಅವರು, "ಸೀಮೆಸುಣ್ಣ ಬಿಟ್ರೆ ಮೇಷ್ಟ್ರಿಗೇನಮ್ಮ ಗೊತ್ತು!" ಎಂದರು. ಕೆಲವರು ನಕ್ಕರು. ಹೆಣದ ಮುಂದೆ ನಕ್ಕರು.

"ಮಾವನ್ನ ನೋಡ್ಕಂಡೆ, ನೋಡ್ಕಂಡೆ ಅಂತ ಊರೆಲ್ಲಾ ಹೇಳ್ಕಂಡ್ ತಿರುಗ್ದೆ. ನೋಡ್ಕಂಡಿದ್ದು ಮಾವನ್ನಲ್ಲ, ಚೀಲನ. ದೊಂಗ ಬುದ್ಧಿ, ಕಳ್ ಬುದ್ಧಿ! ತಿಥಿ ಮುಗೀಲಿ, ಗಂಟುಮೂಟೆ ಕಟ್ಕಂಡು ನಿಮ್ಮಪ್ಪನ ಮನೆಗೆ ನಡಿ."

ನಂಜಮ್ಮನ ತವರು ಗೌರಿಬಿದನೂರಿನ ಕಡೆ. ಅಲ್ಲಿ ಅಪ್ಪನೂ ಇರಲಿಲ್ಲ, ಮನೆಯೂ ಇರಲಿಲ್ಲ. ಕಳ್ಳಿಯೆಂಬ ಹೆಸರು ಹೊತ್ತು ಆ ಹೊಸ್ತಿಲು ದಾಟಿದರೆ ಆಕೆ ಬೀದಿಯ ಪಾಲು. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಮುನಿಶಾಮಪ್ಪನವರ ಮಾತಿಗೆ ಹೌದೆಂದು ತಲೆಯಾಡಿಸಿದರು. ನಿನ್ನೆಯವರೆಗೆ ಆಕೆಯ ಹತ್ತಿರ ಮಜ್ಜಿಗೆ ಈಸಿಕೊಂಡು ಹೋಗುತ್ತಿದ್ದ ಹೆಂಗಸರ ತಲೆಗಳೂ ಆಡಿದವು.

ಚಟ್ಟ ಕಟ್ಟುತ್ತಿದ್ದ ಪಕ್ಕದ ಮನೆಯ ಆಂಜಿನಪ್ಪ, "ಬೇರೆ ಕಾಸಿಕ್ಕಣ ಬಿಡಣ್ಣ" ಎಂದ.

"ಬ್ಯಾಡ. ಇದೇ ಇರ್ಲಿ. ಸೊಸೆ ಇಕ್ಕಿದ ಕಾಸು, ಊರೋರೆಲ್ಲಾ ನೋಡ್ಲಿ" ಎಂದು ಮುನಿಶಾಮಪ್ಪ ತಾವೇ ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಹಣೆಗೆ ದಪ್ಪನಾಗಿ ಮೆತ್ತಿ, ನಾಣ್ಯವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ರಭಸಕ್ಕೆ ಹೆಣದ ತಲೆ ಅಲುಗಿತು.

ಆಮೇಲೆ ನಾನು ಕಂಬ ಬಿಟ್ಟು ಕದಲಲಿಲ್ಲ; ಹೆಣದ ತಲೆ ನನ್ನ ಕಾಲಬುಡದಲ್ಲೇ ಇತ್ತು. ನಂಜಮ್ಮ ಹೆಣದ ಪಕ್ಕದಲ್ಲಿ ಮೊಣಕಾಲಿನ ನಡುವೆ ಮುಖ ಹುದುಗಿಸಿ ಕುಳಿತಿದ್ದಳು. ಬಂದವರು ಕಾಲಿಗೆ ಹೂ ಹಾಕಿ ಸರಿಯುತ್ತಿದ್ದರು. ಹಣೆಯನ್ನು ಯಾರೂ ಮುಟ್ಟಲಿಲ್ಲ. ಇಷ್ಟನ್ನು ನಾನು ಆಣೆಯಿಟ್ಟು ಹೇಳಬಲ್ಲೆ.

ಚಟ್ಟ ಸಿದ್ಧವಾದ ಮೇಲೆ ಮುನಿಶಾಮಪ್ಪ ಬಾಗಿ ನಾಣ್ಯವನ್ನು ಕಿತ್ತರು. ಒಣಗಿದ ವಿಭೂತಿಯಲ್ಲಿ ಅದರ ಗುರುತು ಉಳಿಯಿತು. ನುಣುಪು ನಾಣ್ಯ ಒತ್ತಿದರೆ ನುಣುಪು ಗುಳಿ ಬೀಳಬೇಕು. ಅಲ್ಲಿದ್ದದ್ದು ರಾಣಿಯ ಮುಖ. ಕಿರೀಟ, ಮೂಗು, ಗಲ್ಲ, ಬಾಚಿದ ಕೂದಲಿನ ಎಳೆಗಳು, ಸುತ್ತ ಇಂಗ್ಲಿಷ್ ಅಕ್ಷರ, ಅಂಚಿನಲ್ಲಿ ಚುಕ್ಕಿಗಳ ಸಾಲು. ಟಂಕಸಾಲೆಯಿಂದ ಆಗಷ್ಟೇ ಬಂದ ರೂಪಾಯಿಯನ್ನು ಒತ್ತಿ ತೆಗೆದಂತಿತ್ತು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ನಾಣ್ಯದ ಮೇಲೆ ರಾಣಿ ಎಡಕ್ಕೆ ನೋಡುತ್ತಾಳೆ. ಇಲ್ಲಿ ಬಲಕ್ಕೆ ನೋಡುತ್ತಿದ್ದಳು. ಒತ್ತಿದ ಅಚ್ಚು ಹಾಗೆಯೇ ಇರಬೇಕು. ಇದು ಆಮೇಲೆ ಯೋಚಿಸಿ ಸೇರಿಸಿದ್ದಲ್ಲ. ಅಲ್ಲೇ ನಿಂತು ಆ ಅಕ್ಷರಗಳನ್ನು ಹಿಂದುಮುಂದಾಗಿ ಓದಲು ತುಟಿ ಆಡಿಸಿದ್ದು ನನಗೆ ನೆನಪಿದೆ.

ಮುನಿಶಾಮಪ್ಪ ಕೈಯಲ್ಲಿದ್ದ ನಾಣ್ಯವನ್ನು ತಿರುಗಿಸಿ ನೋಡಿದರು. ಎರಡು ಕಡೆಯೂ ನುಣುಪೇ. ಹಣೆ ನೋಡಿದರು. ಹೊಸ್ತಿಲಿನ ಕಲ್ಲಿನ ಮೇಲೆ ನಾಣ್ಯವನ್ನು ಮತ್ತೊಮ್ಮೆ ಎಸೆದರು. ಮತ್ತೆ ಅದೇ ತಟ್.

ಚಟ್ಟದ ಹತ್ತಿರದಿಂದ ಬಂದು ಬಗ್ಗಿ ನೋಡಿದ ಆಂಜಿನಪ್ಪ, "ಏಮಪ್ಪಾ ಇದಿ... ಇದೇನಪ್ಪಾ ಇದು!" ಎಂದ. ಬೇರೆ ಯಾರಾದರೂ ಹತ್ತಿರ ಬರುವಷ್ಟರಲ್ಲಿ ಮುನಿಶಾಮಪ್ಪ ಟವಲಿನ ತುದಿಯಿಂದ ತಂದೆಯ ಹಣೆಯನ್ನು ಬಲವಾಗಿ ಒರೆಸಿಬಿಟ್ಟರು. ನಾಣ್ಯವನ್ನು ನಂಜಮ್ಮನ ಮಡಿಲಿಗೆ ಹಾಕಿ, "ಇಟ್ಕಳಮ್ಮ" ಎಂದರು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಯಾರೋ ನೆಂಟ ಆಕೆಯನ್ನು ಕಳಿಸುವ ಮಾತೆತ್ತಿದಾಗ, "ಮುಚ್ಕಂಡು ಉಣ್ಣೋ" ಎಂದು ಗದರಿದರು. ನಂಜಮ್ಮ ಆ ಮನೆಯಲ್ಲೇ ಉಳಿದಳು.

ನಾನು ಸುಮ್ಮನಿರಲಿಲ್ಲ. ಆಕೆಯನ್ನು ಕೇಳಿ ನಾಣ್ಯ ತಂದು ವಿಭೂತಿಯಲ್ಲಿ, ಹಿಟ್ಟಿನಲ್ಲಿ, ಕೆರೆಯ ಜೇಡಿಯಲ್ಲಿ ಒತ್ತಿ ನೋಡಿದೆ. ಬರೀ ಗುಳಿ. ಚಿಕ್ಕಬಳ್ಳಾಪುರದ ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ಅಪ್ಪಟ ಬೆಳ್ಳಿ ಎಂದ. ಶಿಡ್ಲಘಟ್ಟದವನು ಅದೇ ಕೆಲಸ ಮಾಡಿ ಖೋಟಾ ಎಂದ. ಇಬ್ಬರಿಗೂ ಎಳ್ಳಷ್ಟು ಸಂಶಯವಿರಲಿಲ್ಲ! ವಿಜ್ಞಾನ ಕಲಿಸುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು, ಸವೆದ ಲೋಹದೊಳಗೆ ಅಚ್ಚಿನ ಒತ್ತಡ ಉಳಿದಿರುತ್ತದೆ ಎಂದೇನೋ ವಿವರಿಸಿದರು. ಹಾಗಾದರೆ ನನ್ನ ಹಿಟ್ಟಿನಲ್ಲಿ ಏಕೆ ಮೂಡಲಿಲ್ಲ ಎಂದಾಗ ಅವರಿಗೆ ತುರ್ತಾಗಿ ಬೇರೆ ಕೆಲಸ ನೆನಪಾಯಿತು. ಇನ್ನು ದೈವಲೀಲೆ ಎನ್ನುವವರಿದ್ದಾರೆ. ಅಳುವ ಹೆಂಗಸಿಗಾಗಿ ಇಷ್ಟು ಸುತ್ತುಬಳಸು ದಾರಿ ಹಿಡಿಯುವ ದೈವ ಎಂಥದೋ ನನಗೆ ಅರ್ಥವಾಗುವುದಿಲ್ಲ.

ನಂಜಮ್ಮ ಬದುಕಿದ್ದಾಳೆ, ಆದರೆ ಆಕೆ ಸಾಕ್ಷಿಯಲ್ಲ. "ನಾನ್ ತಲೇನೇ ಎತ್ತಲಿಲ್ಲ ಸ್ವಾಮಿ" ಎಂದು ಪ್ರಾಮಾಣಿಕವಾಗಿ ಹೇಳುತ್ತಾಳೆ. ಆಂಜಿನಪ್ಪ ತೀರಿಕೊಂಡ. ನನ್ನನ್ನು ಬಿಟ್ಟರೆ ಕಂಡವರಲ್ಲಿ ಉಳಿದಿರುವವರು ಮುನಿಶಾಮಪ್ಪ ಒಬ್ಬರೇ. ಚಿಂತಾಮಣಿಯ ಮಂಡಿಯಲ್ಲಿ ಈಗಲೂ ಕೂರುತ್ತಾರೆ. ನಾನು ಎರಡು ಸಲ ಹೋಗಿ ಕೇಳಿದ್ದೇನೆ. ಎರಡು ಸಲವೂ ಬೈಸಿಕೊಂಡು ಬಂದಿದ್ದೇನೆ. ನೀವೂ ಹೋಗಿ ಕೇಳಿ. ಸೀಮೆಸುಣ್ಣದ ಮೇಷ್ಟರ ಮಾತು ಕಟ್ಟಿಕೊಂಡು ಬಂದಿರಾ ಎಂದು ನಿಮ್ಮನ್ನೂ ಬೈದು ಕಳಿಸುತ್ತಾರೆ. ನೋಡಲಿಲ್ಲ ಎಂದು ಮಾತ್ರ ಹೇಳುವುದಿಲ್ಲ.