ಹಿಮ್ಮೇಳದಲ್ಲಿ ಉಳಿದ ದನಿ

ರಾಯಚೂರಿನ ಈ ಖಾಸಗಿ ಗ್ರಂಥಾಲಯದ ಮುಂದೆ ಇನ್ನೂ ಆಟೋಗಳ ಗದ್ದಲ ಎದ್ದಿಲ್ಲ. ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದ ಮಿನಾಜ್ ಬೀಗ ತೆಗೆದು, ಕಂಪ್ಯೂಟರಿನ ಧೂಳು ಒರೆಸಿ, ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. "ಬಜಾರ ಎದ್ದಮ್ಯಾಲ ಏನೂ ಕೇಳಂಗಿಲ್ರೀ. ಈಗಾದ್ರ ನಾಕು ಹಾಡು ಮುಗೀತಾವ."

ಊರಲ್ಲಿ ಅಪ್ಪನ ಬಳೆ ಅಂಗಡಿ, ಮನೆಯಲ್ಲಿ ದಖನಿ ಉರ್ದು ಮಾತು. ಇಲ್ಲಿ ಅವರ ಕೆಲಸವೆಂದರೆ, ಹಿಂದೆ ಹಳ್ಳಿಗಳಲ್ಲಿ ಕ್ಯಾಸೆಟ್ಟಿಗೆ ಧ್ವನಿಮುದ್ರಿಸಿದ ಹಾಡುಗಳನ್ನು ಹಳೇ ಕಂಪ್ಯೂಟರಿನಿಂದ ಹೊಸ ವ್ಯವಸ್ಥೆಗೆ ಸಾಗಿಸುವುದು. ಯಾರು ಹಾಡಿದ್ದು, ಯಾವ ಊರು ಎಂದು ಸೇರಿಸಬೇಕು. ಒಂದೇ ಹಾಡು ಎರಡು ಸಲ ಇದ್ದರೆ ಅಳಿಸಬೇಕು. ನಾವೋ ಫೋನಿನ ಮೇಲೆ ಬೆರಳಾಡಿಸಿ ಹಾಡು ಕೇಳುವವರು; ಅದರ ಹಿಂದೆ ಯಾರ ಕಿವಿ ಸವೆಯಿತೆಂದು ವಿಚಾರಿಸುವ ಪುರುಸೊತ್ತು ಯಾರಿಗಿದೆ ಹೇಳಿ!

ಆ ಅಳಿಸುವ ಕೆಲಸದಲ್ಲೇ ಎಡವಟ್ಟಾಯಿತು. ದೇವದುರ್ಗದ ಕಡೆಯ ಅರಕೇರಾದ ಒಂದು ಮೊಹರಂ ಮೇಳದವರು, ಕರ್ಬಲಾದ ಕತೆ ಹೇಳುವ ಯಾವ ರಿವಾಯತ್ ಪದಕ್ಕೂ ಮೊದಲು ಒಂದೇ ಸಲಾಮು, ಅಂದರೆ ವಂದನೆಯ ನುಡಿ, ಹಾಡುತ್ತಾರೆ. ಪದ ಬೇರೆಯಾಗುವುದು ಆಮೇಲೆ. ಮಿನಾಜ್ ಶುರುವನ್ನಷ್ಟೇ ಕೇಳಿ, ಎಲ್ಲವೂ ಒಂದೇ ಎಂದುಕೊಂಡು, ಒಂದನ್ನು ಉಳಿಸಿ ಮಿಕ್ಕವನ್ನು ಹಳೇ ಕಂಪ್ಯೂಟರಿನಿಂದಲೇ ಅಳಿಸಿದರು. ಮೂಲ ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹೋಗಿ ಎಷ್ಟೋ ಕಾಲವಾಗಿತ್ತು.

ಅದು ಗೊತ್ತಾದದ್ದು, ಮೇಳದ ಮುಂದಾಳು ಸಾಬಣ್ಣ ತೀರಿಕೊಂಡ ಮೇಲೆ ಮಗಳು ಅಯ್ಯಮ್ಮ ಅಪ್ಪನ ದನಿ ಕೇಳಲು ಬಂದಾಗ. ಉಳಿದ ಆ ಒಂದೇ ಪದದಲ್ಲಿ ಮುಂದೆ ನಿಂತು ಹಾಡಿದವರು ಬೇರೊಬ್ಬರು. ಸಾಬಣ್ಣ ಹಿಮ್ಮೇಳದಲ್ಲಿದ್ದಾರೆ.

"ಅಷ್ಟು ಮಂದಿ ದನ್ಯಾಗ ಆಕಿ ಅಪ್ಪನ್ನ ಹುಡುಕಾಕತ್ತಿದ್ಲು" ಎನ್ನುವಾಗ ಮಿನಾಜ್ ಕಣ್ಣು ತುಂಬುತ್ತವೆ. "ಸಿಕ್ಕಾಗೊಮ್ಮೆ ಬಟ್ಟು ಎತ್ತಿ, ಇಕಾ ಇವ ನಮ್ಮಪ್ಪ ಅಂತಿದ್ಲು. ನಿಮ್ಮಪ್ಪನ ಬ್ಯಾರೆ ಪದಾ ಎಲ್ಲಾ ನಾನ ಅಳಿಸೀನಿ, ತಪ್ಪು ನಂದ ಅದ ಯವ್ವಾ ಅಂತ ಹೇಳೇಬಿಟ್ಟೆ."

ಅಂದಿನಿಂದ ಪ್ರತಿ ಹಾಡನ್ನೂ ಕೊನೆಯವರೆಗೆ ಕೇಳುತ್ತಾರೆ. ಕೆಲಸ ತೆವಳುತ್ತಿದೆ ಎಂದು ಮೇಲಿನವರ ಗೊಣಗಾಟ. ಗೊಣಗಲಿ ಬಿಡಿ. ಅಯ್ಯಮ್ಮ ಈಗಲೂ ರಾಯಚೂರಿಗೆ ಬಂದಾಗಲೆಲ್ಲ ಇಲ್ಲಿ ಕೂತು ಅದೇ ಪದ ಕೇಳಿ ಹೋಗುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಮಿನಾಜ್ ಹೆಡ್‌ಫೋನಿನ ತಂತಿ ಸುತ್ತಿಡುತ್ತಾರೆ.

"ಅಯ್ಯಮ್ಮ ಪದಾ ಕೇಳಿ ಮುಗಿಸಿ ನನಗ ಕೈ ಮುಗೀತಾಳ್ರೀ, ನಿನಗ ಪುಣ್ಯಾ ಬರ್ಲಿ ಯವ್ವಾ ಅಂತಾಳ. ಒಮ್ಮೆಯಾದ್ರೂ ಆಕಿ ನನ್ನ ಬಾಯಿತುಂಬ ಬೈಬೇಕು. ಅಷ್ಟ ನೋಡ್ರಿ."